ನಕ್ಷೆಯ ಕೆಂಪು, ನಕ್ಷೆಯ ಹಸಿರು: ಒಂದು ನಗರದ ಗಾಳಿಯ ಪ್ರಕರಣ ಅಧ್ಯಯನ

ಬೆಟ್ಟಗಳ ನಡುವಿನ ತಗ್ಗಿನಲ್ಲಿ ಹರಡಿಕೊಂಡಿರುವ ಮಧ್ಯಮ ಗಾತ್ರದ ನಗರ. ಅದರ ಪೂರ್ವ ಭಾಗದಲ್ಲಿ, ಹಳೆಯ ಹಳ್ಳವೊಂದರ ಎರಡೂ ದಡಗಳಲ್ಲಿ, ಅನುಕೂಲಸ್ಥರೇ ಹೆಚ್ಚಾಗಿರುವ ಒಂದು ಬಡಾವಣೆ. ಬಡಾವಣೆಯ ಪಶ್ಚಿಮದ ಅಂಚಿಗೆ, ಯಾವ ಮಹಡಿಯ ಮೇಲೆ ನಿಂತರೂ ಕಣ್ಣಿಗೆ ಬೀಳುವಂತೆ, ಒಂದು ಕಾರ್ಖಾನೆಯ ಚಿಮಣಿ. ನಗರ, ಕಾರ್ಖಾನೆ, ಇಲಾಖೆ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಸಿಗದಂತೆ ದಿಕ್ಕುಗಳನ್ನೂ ಬದಲಿಸಲಾಗಿದೆ. ತೀರ್ಮಾನಗಳನ್ನು ಮತ್ತು ಅವು ಬಂದ ಕ್ರಮವನ್ನು ಮಾತ್ರ ಬದಲಿಸಿಲ್ಲ.

ಗಾಳಿಯ ಗುಣಮಟ್ಟದ ನಕ್ಷೆಯಲ್ಲಿ ಈ ಬಡಾವಣೆ ತಿಂಗಳುಗಟ್ಟಲೆ ಕೆಂಪಾಗಿಯೇ ಕಾಣುತ್ತಿತ್ತು. ನಗರದ ಉಳಿದ ಭಾಗ ಹಳದಿ. ಪಶ್ಚಿಮದ ತುದಿ ಹಸಿರು. ಕಾರ್ಖಾನೆಯನ್ನು ಮುಚ್ಚಿಸಬೇಕು ಅಥವಾ ಸ್ಥಳಾಂತರಿಸಬೇಕು ಎಂದು ನಿವಾಸಿಗಳ ಸಂಘ ಮನವಿಯೊಂದನ್ನು ಸಿದ್ಧಪಡಿಸಿತ್ತು. ಅದಕ್ಕೆ ಲಗತ್ತಿಸಿದ್ದ ಸಾಕ್ಷ್ಯ ಒಂದೇ: ಆ ನಕ್ಷೆಯ ಮುದ್ರಿತ ಪ್ರತಿ. ಸಲ್ಲಿಸುವ ಮೊದಲು ಅಂಕಿಅಂಶಗಳನ್ನು ಒಮ್ಮೆ ನೋಡಿಕೊಡಿ ಎಂದು ಸಂಘದವರು ನನ್ನನ್ನು ಕೇಳಿದರು. ಕೆಲಸ ಹೊತ್ತವರು ಮುಖ್ಯವಾಗಿ ಮೂವರು: ಒಬ್ಬ ನಿವೃತ್ತ ಎಂಜಿನಿಯರ್, ಒಬ್ಬ ಮಕ್ಕಳ ವೈದ್ಯೆ, ಒಬ್ಬ ಶಾಲಾ ಶಿಕ್ಷಕಿ.

ಬಣ್ಣದ ಕೆಳಗೆ ಏನಿದೆ

ಇಂಥ ನಕ್ಷೆಯನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಈ ಬಣ್ಣದ ಕೆಳಗೆ ನಿಜವಾಗಿ ಅಳತೆ ನಡೆಯುತ್ತಿರುವ ಜಾಗಗಳು ಎಷ್ಟು? ನಗರದ ಮಧ್ಯದಲ್ಲಿ ಸರಕಾರಿ ಮಾಪನ ಕೇಂದ್ರ ಒಂದಿತ್ತು. ಉಳಿದವೆಲ್ಲ ನಾಗರಿಕರೇ ತಮ್ಮ ಮನೆಗಳ ಮುಂದೆ ಕಟ್ಟಿಕೊಂಡ ಅಗ್ಗದ ಸೆನ್ಸರ್‌ಗಳು. ಇಡೀ ಪೂರ್ವ ಭಾಗದ ಕೆಂಪು ಹಳ್ಳದ ಬದಿಯ ಕೆಲವೇ ಮನೆಗಳ ಸೆನ್ಸರ್‌ಗಳ ಮೇಲೆ ನಿಂತಿತ್ತು. ನಡುವಿನ ಜಾಗವನ್ನು ತುಂಬಿದ್ದು ಲೆಕ್ಕಾಚಾರ. ಹತ್ತಿರದ ಬಿಂದುವಿಗೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ ತೂಕ ಕೊಟ್ಟು, ಅಳತೆಯೇ ಇಲ್ಲದ ಬೀದಿಗಳಿಗೂ ಒಂದೊಂದು ಅಂಕಿ ಹಂಚುವ ಸೂತ್ರ ಅದು. ಸೂತ್ರಕ್ಕೆ ಗುಡ್ಡ ಗೊತ್ತಿಲ್ಲ, ಹಳ್ಳ ಗೊತ್ತಿಲ್ಲ, ಗಾಳಿ ಯಾವ ಕಡೆಗೆ ಬೀಸುತ್ತದೆ ಎಂಬುದೂ ಗೊತ್ತಿಲ್ಲ.

ಪಶ್ಚಿಮದ ತುದಿಯ ಹಸಿರಿನ ಕೆಳಗೆ ಇದ್ದದ್ದು ಗುಡ್ಡದ ಮೇಲಿನ ಉದ್ಯಾನದ ಒಂದೇ ಒಂದು ಸೆನ್ಸರ್. ಆ ವಿಷಯವನ್ನು ಆಗ ಬರೆದಿಟ್ಟುಕೊಂಡೆವು. ಅದರ ಮಹತ್ವ ತಿಳಿದದ್ದು ಬಹಳ ನಂತರ.

ಎರಡನೆಯ ತೊಡಕು ಅಳತೆಗೋಲಿನದ್ದು. ವೈದ್ಯೆಯ ಮೊಬೈಲ್‌ನಲ್ಲಿ ಕೆಂಪು ತೋರುತ್ತಿದ್ದ ಗಳಿಗೆಯಲ್ಲೇ ಎಂಜಿನಿಯರ್ ಅವರ ಮೊಬೈಲ್‌ನಲ್ಲಿ ಅದೇ ಬೀದಿ ತಿಳಿಹಸಿರಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಅನುಮಾನಿಸಿದರು; ತಪ್ಪು ಇಬ್ಬರದ್ದೂ ಅಲ್ಲ. ಈ ಬಣ್ಣಗಳನ್ನು ನಿರ್ಧರಿಸುವ ಗಾಳಿ ಗುಣಮಟ್ಟದ ಸೂಚ್ಯಂಕ ಎಂಬುದು ಗಾಳಿಯಲ್ಲಿರುವ ವಸ್ತು ಅಲ್ಲ, ಆಯಾ ದೇಶ ಮಾಡಿಕೊಂಡ ಒಪ್ಪಂದ. ಪ್ರತಿ ಘನ ಮೀಟರ್ ಗಾಳಿಯಲ್ಲಿ 58 ಮೈಕ್ರೋಗ್ರಾಂ ಪಿಎಂ 2.5 (2.5 ಮೈಕ್ರೋಮೀಟರ್ ಮೀರದ ಸೂಕ್ಷ್ಮ ಕಣ) ಇದ್ದರೆ ಭಾರತದ ಸೂಚ್ಯಂಕದಲ್ಲಿ ಅದು 100ರ ಒಳಗೇ ಉಳಿದು ‘ತೃಪ್ತಿಕರ’ ವರ್ಗಕ್ಕೆ ಸೇರುತ್ತದೆ. ಅಮೆರಿಕದ ಸೂಚ್ಯಂಕದಲ್ಲಿ ಅದೇ ಗಾಳಿ 150 ದಾಟಿ ಕೆಂಪು ವರ್ಗಕ್ಕೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ 24 ಗಂಟೆಗಳ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದು, ವಾರ್ಷಿಕ ಸರಾಸರಿ 5 ಮೀರಬಾರದು. ಸಾಲದ್ದಕ್ಕೆ, ಒಂದು ಆ್ಯಪ್ ಕಳೆದ 24 ಗಂಟೆಗಳ ಸರಾಸರಿಯನ್ನು ಬಣ್ಣವಾಗಿಸುತ್ತದೆ, ಇನ್ನೊಂದು ಈಚಿನ ಗಂಟೆಗಳಿಗೆ ಹೆಚ್ಚು ತೂಕ ಕೊಡುತ್ತದೆ. ಹಲವು ಮಾಲಿನ್ಯಕಾರಕಗಳಲ್ಲಿ ಯಾವುದು ಅತ್ಯಂತ ಕೆಟ್ಟದ್ದೋ ಅದರ ಅಂಕಿಯೇ ಸೂಚ್ಯಂಕವಾಗುವುದರಿಂದ, ಬೆಳಿಗ್ಗೆಯ ಕೆಂಪು ಸೂಕ್ಷ್ಮ ಕಣದ್ದೂ ಮಧ್ಯಾಹ್ನದ ಕೆಂಪು ಓಝೋನಿನದ್ದೂ ಆಗಿರಬಹುದು.

ಇಲ್ಲಿ ಮೊದಲ ತೀರ್ಮಾನ: ಸೂಚ್ಯಂಕವನ್ನೂ ಬಣ್ಣವನ್ನೂ ಬದಿಗಿಟ್ಟು, ಗಂಟೆಗಂಟೆಯ ಮೈಕ್ರೋಗ್ರಾಂ ಅಂಕಿಗಳನ್ನೇ ನೋಡುವುದು. ಸೂಚ್ಯಂಕ ಇರುವುದು ಇವತ್ತು ಮಗುವನ್ನು ಹೊರಗೆ ಆಡಲು ಬಿಡಬಹುದೇ ಎಂದು ತಿಳಿಯಲಿಕ್ಕೆ. ಮೂಲ ಹುಡುಕುವವರಿಗೆ ಅದು ಅಡ್ಡಿಯೇ ಹೊರತು ಸಹಾಯವಲ್ಲ.

ಸೆನ್ಸರ್‌ಗಳನ್ನು ಬಿಚ್ಚಿ ತಂದದ್ದು

ಮನೆಗಳ ಮುಂದಿನ ಸೆನ್ಸರ್‌ಗಳು ಕಣಗಳನ್ನು ತೂಗುವುದಿಲ್ಲ. ಕಣದ ಮೇಲೆ ಬಿದ್ದು ಚದುರಿದ ಲೇಸರ್ ಬೆಳಕನ್ನು ನೋಡಿ ತೂಕವನ್ನು ಅಂದಾಜು ಮಾಡುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಬೆಳಕು ಹೆಚ್ಚು ಚದುರುತ್ತದೆ, ಅಂಕಿ ಏರುತ್ತದೆ. ಹಳ್ಳದ ಬದಿಯಲ್ಲಿ ಮುಂಜಾನೆ ಮಂಜು ಕಟ್ಟುವುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಬಡಾವಣೆಯ ಎಲ್ಲ ಸೆನ್ಸರ್‌ಗಳನ್ನೂ ಬಿಚ್ಚಿ, ಸರಕಾರಿ ಮಾಪನ ಕೇಂದ್ರದ ಆವರಣದಲ್ಲಿ ಸಾಲಾಗಿ ಕಟ್ಟಿ, ಕೆಲವು ವಾರ ಜೊತೆಜೊತೆಗೆ ಓಡಿಸಬೇಕೆಂದು ಸೂಚಿಸಿದೆ. ಅನುಮತಿ ಸಿಗುವುದಕ್ಕೇ ಅಳತೆಗಿಂತ ಹೆಚ್ಚು ಸಮಯ ಹಿಡಿಯಿತು.

ಸಿದ್ಧ ಸೂತ್ರವೊಂದನ್ನು ಬಳಸಿಬಿಡೋಣ ಎಂದವರೂ ಇದ್ದರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಒಂದು ಬ್ರ್ಯಾಂಡಿನ ಸೆನ್ಸರ್‌ಗೆ 2021ರಲ್ಲಿ ಪ್ರಕಟಿಸಿದ ತಿದ್ದುಪಡಿ ಪ್ರಸಿದ್ಧ: ಸೆನ್ಸರ್ ಅಂಕಿಯನ್ನು 0.524ರಿಂದ ಗುಣಿಸಿ, ಶೇಕಡಾವಾರು ಆರ್ದ್ರತೆಯನ್ನು 0.0862ರಿಂದ ಗುಣಿಸಿದ ಮೊತ್ತವನ್ನು ಕಳೆದು, 5.75 ಕೂಡಿಸಬೇಕು. ಸೆನ್ಸರಿನ ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನು ಗಮನಿಸಿ. ಆದರೆ ಆ ಸೂತ್ರ ಹುಟ್ಟಿದ್ದು ಅಲ್ಲಿನ ಹವೆಯಲ್ಲಿ, ಅಲ್ಲಿನ ಕಣಗಳ ಮೇಲೆ. ನಮ್ಮ ಗಾಳಿಯ ತಿದ್ದುಪಡಿ ನಮ್ಮ ಗಾಳಿಯಲ್ಲೇ ಆಗಬೇಕು ಎಂದು ಹಟ ಹಿಡಿದವರು ಎಂಜಿನಿಯರ್. ಅವರ ಹಟ ಸರಿಯಾಗಿತ್ತು.

ತಿದ್ದಿದ ಮೇಲೆ ಬಡಾವಣೆಯ ಕೆಂಪು ಗಣನೀಯವಾಗಿ ಇಳಿಯಿತು, ಆದರೆ ಅಳಿಯಲಿಲ್ಲ. ಮಂಜಿನ ಮುಂಜಾವುಗಳ ಶಿಖರಗಳು ಕರಗಿದವು. ಸಂಜೆಯ ಶಿಖರಗಳು ಹಾಗೆಯೇ ಉಳಿದವು.

ಸಂಘ ಒಡೆಯುವ ಹಂತಕ್ಕೆ ಬಂದದ್ದು ಆಗ. ತಿದ್ದಿದ ಅಂಕಿಗಳನ್ನು ಪ್ರಕಟಿಸಿದರೆ ಹೊಡೆಯುವವರ ಕೈಗೆ ನಾವೇ ಕೋಲು ಕೊಟ್ಟಂತೆ ಎಂದು ಹಲವರು ವಾದಿಸಿದರು. ಶಿಕ್ಷಕಿ ಬೇರೆ ಮಾತು ಹೇಳಿದರು: “ಕಾರ್ಖಾನೆಯವರು ತಜ್ಞರೊಬ್ಬರನ್ನು ಕರೆತಂದು ನಾಳೆ ಇದೇ ತಪ್ಪನ್ನು ಎತ್ತಿ ತೋರಿಸಿದರೆ, ಆಮೇಲೆ ನಾವು ಹೇಳುವ ನಿಜವನ್ನೂ ಯಾರೂ ಕೇಳುವುದಿಲ್ಲ.” ಮತಕ್ಕೆ ಹಾಕಿದಾಗ ಅಲ್ಪ ಅಂತರದಿಂದ ಪ್ರಕಟಿಸುವ ಪಕ್ಷವೇ ಗೆದ್ದಿತು. ಕೆಲವರು ಸಂಘದಿಂದ ದೂರವಾದರು. ಇಡೀ ಪ್ರಕರಣದಲ್ಲಿ ಅತ್ಯಂತ ದುಬಾರಿಯಾದ ತೀರ್ಮಾನ ಇದು, ಮುಂದಿನ ಎಲ್ಲ ಬಾಗಿಲುಗಳನ್ನು ತೆರೆದದ್ದೂ ಇದೇ. ಮಾಲಿನ್ಯ ನಿಯಂತ್ರಣ ಕಚೇರಿಯ ಅಧಿಕಾರಿಗಳು ಸಂಘದವರನ್ನು ಕೂರಿಸಿ ಮಾತನಾಡಿಸತೊಡಗಿದ್ದು ಈ ವರದಿಯ ನಂತರವೇ.

ಗಡಿಯಾರವನ್ನು ಕೇಳುವುದು

ಚಿಮಣಿ ದಿನದ 24 ಗಂಟೆಯೂ ಹೊಗೆಯಾಡುತ್ತಿತ್ತು. ಬಡಾವಣೆಯ ಶಿಖರ ಏಳುತ್ತಿದ್ದದ್ದು ಕತ್ತಲಾದ ಮೇಲೆ. ಇಷ್ಟರಿಂದಲೇ ಕಾರ್ಖಾನೆ ನಿರ್ದೋಷಿ ಎನ್ನುವಂತಿಲ್ಲ. ಹಗಲು ನೆಲ ಕಾದಾಗ ಗಾಳಿ ನೂರಾರು ಮೀಟರ್ ಎತ್ತರದವರೆಗೆ ಕಲಕಿಕೊಂಡು ಹೊಗೆ ತೆಳುವಾಗುತ್ತದೆ. ರಾತ್ರಿ ನೆಲ ತಣಿದಾಗ ತಂಪು ಗಾಳಿ ಕೆಳಗೂ ಬೆಚ್ಚಗಿನ ಗಾಳಿ ಮೇಲೂ ನಿಂತು, ಹೊರಬಂದದ್ದೆಲ್ಲ ತೆಳು ಪದರದಲ್ಲೇ ಉಳಿಯುತ್ತದೆ. ಅಂದರೆ ಒಂದು ಮೂಲ ದಿನವಿಡೀ ಒಂದೇ ಪ್ರಮಾಣದಲ್ಲಿ ಉಗುಳಿದರೂ ರಾತ್ರಿಯ ಅಂಕಿ ಏರಬಹುದು. ತಗ್ಗಿನ ಊರುಗಳಲ್ಲಿ ಗುಡ್ಡಗಳ ತಂಪು ಗಾಳಿ ಇಳಿದು ಹಳ್ಳದ ಉದ್ದಕ್ಕೂ ಮಡುಗಟ್ಟುವುದರಿಂದ ಇದು ಇನ್ನೂ ತೀವ್ರ.

ಹಾಗಾಗಿ ಗಾಳಿಯ ದಿಕ್ಕನ್ನು ಜೊತೆಗಿಟ್ಟು ನೋಡಿದೆವು. ಹಗಲಿನ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತಿತ್ತು, ಎಂದರೆ ಬಡಾವಣೆಯಿಂದ ಕಾರ್ಖಾನೆಯ ಕಡೆಗೆ. ಸಂಜೆಯ ನಂತರ ಗಾಳಿ ಬಹುತೇಕ ನಿಂತೇ ಹೋಗುತ್ತಿತ್ತು. ನಿಂತ ಗಾಳಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಮುಳ್ಳು ಯಾವ ಕಡೆ ತೋರಿಸಿದರೂ ಅದನ್ನು ನಂಬುವಂತಿಲ್ಲ. ಅಷ್ಟರಲ್ಲಿ ಕಾರ್ಖಾನೆ ದುರಸ್ತಿಗಾಗಿ ಕೆಲ ಕಾಲ ನಿಂತಿತು. ಮುಚ್ಚಿದ ದಿನಗಳನ್ನು ಹಿಂದಿನ ವಾರದ ಜೊತೆ ಮಾತ್ರ ಹೋಲಿಸಿದ್ದರೆ ಹವಾಮಾನದ ವ್ಯತ್ಯಾಸವೇ ನಮ್ಮನ್ನು ದಾರಿ ತಪ್ಪಿಸುತ್ತಿತ್ತು. ಅದಕ್ಕಾಗಿ ಬಡಾವಣೆಗೂ ನಗರ ಮಧ್ಯದ ಕೇಂದ್ರಕ್ಕೂ ಇರುವ ಅಂತರವನ್ನು ನೋಡಿದೆವು. ಚಿಮಣಿ ತಣ್ಣಗಿದ್ದಾಗಲೂ ಸಂಜೆಯ ಅಂತರ ಹಾಗೆಯೇ ಇತ್ತು. ಹತ್ತಿರದ ಕಾಲೇಜಿನ ಪ್ರಯೋಗಾಲಯವೊಂದು ಎರಡು ತರಂಗಾಂತರಗಳಲ್ಲಿ ಮಸಿಯನ್ನು ಅಳೆಯುವ ಉಪಕರಣವನ್ನು ಎರವಲು ಕೊಟ್ಟಿತು. ಡೀಸೆಲ್ ಮಸಿ 880 ನ್ಯಾನೋಮೀಟರ್ ಬೆಳಕನ್ನೂ 370 ನ್ಯಾನೋಮೀಟರಿನ ಬೆಳಕನ್ನೂ ಹೀರುತ್ತದೆ. ಸೌದೆ, ಎಲೆ, ಕಸ ಉರಿದ ಹೊಗೆ 370ರ ಬೆಳಕನ್ನು ಮಾಮೂಲಿಗಿಂತ ಹೆಚ್ಚು ಹೀರುತ್ತದೆ. ಬೆಳಿಗ್ಗೆಯ ಮಸಿ ವಾಹನಗಳ ಕಡೆ ಬೆರಳು ತೋರಿಸಿತು. ಸಂಜೆಯದ್ದು ಬೆಂಕಿಯ ಕಡೆ.

ಉಳಿದದ್ದಕ್ಕೆ ಉಪಕರಣ ಬೇಕಾಗಲಿಲ್ಲ. ಸಂಘದವರು ಕತ್ತಲಾದ ಮೇಲೆ ಹಳ್ಳದ ಉದ್ದಕ್ಕೂ ನಡೆದು ನೋಡಿದರು. ಕಸ ಸಾಗಿಸುವ ಗುತ್ತಿಗೆಯವರು ಸಾಗಣೆಯ ಖರ್ಚು ಉಳಿಸಲು ಸಂಗ್ರಹದ ಅಂಗಳದಲ್ಲೇ ಅದಕ್ಕೆ ಬೆಂಕಿ ಇಡುತ್ತಿದ್ದರು. ನೆಲಮಟ್ಟದಲ್ಲಿ ಹುಟ್ಟಿ, ನಿಂತ ಗಾಳಿಯಲ್ಲಿ, ತಗ್ಗಿಗೆ ಇಳಿಯುವ ಹೊಗೆ. ನೂರು ಅಡಿ ಮೇಲಿನ ಚಿಮಣಿಗಿಂತ ಇಂಥ ಸಣ್ಣ ಬೆಂಕಿ ಪಕ್ಕದ ಮನೆಯ ಶ್ವಾಸಕೋಶಕ್ಕೆ ಎಷ್ಟೋ ಹತ್ತಿರ.

ಧೂಳಿನ ಕಥೆ ಬೇರೆ. ಬಡಾವಣೆಯವರು ಹಗಲು ಹೆಚ್ಚಾಗಿ ದೂರುತ್ತಿದ್ದದ್ದು ಧೂಳನ್ನೇ, ಆದರೆ ಸೆನ್ಸರ್‌ಗಳ ಗಂಟೆಗಂಟೆಯ ಅಂಕಿಗಳಲ್ಲಿ ಹಗಲು ಹೊತ್ತು ಶುಭ್ರ. ಕಾರಣ ಸರಳ: ಲೇಸರ್ ಸೆನ್ಸರ್‌ಗಳಿಗೆ ದಪ್ಪ ಕಣ ಸರಿಯಾಗಿ ಕಾಣುವುದಿಲ್ಲ, ಅವು ತೋರಿಸುವ ಪಿಎಂ 10 (10 ಮೈಕ್ರೋಮೀಟರ್‌ವರೆಗಿನ ಎಲ್ಲ ಕಣ) ಬಹುಪಾಲು ಊಹೆ. ಕಣವನ್ನು ಕಾಗದದ ಮೇಲೆ ಹಿಡಿದು ತೂಗುವ ಉಪಕರಣ ಇಟ್ಟಾಗ ಮಧ್ಯಾಹ್ನದ ಪಿಎಂ 10 ಏರುವುದೂ, ಅದರಲ್ಲಿ ಪಿಎಂ 2.5ರ ಪಾಲು ಇಳಿಯುವುದೂ ಕಾಣಿಸಿತು. ಸಣ್ಣ ಕಣದ ಪಾಲು ಹೆಚ್ಚಿದ್ದರೆ ಉರಿ, ಕಡಿಮೆ ಇದ್ದರೆ ಮಣ್ಣು ಎಂಬುದು ಒರಟು ಲೆಕ್ಕ, ಆದರೆ ಬಹಳ ಸಲ ಸಾಕಾಗುವ ಲೆಕ್ಕ. ಇಲ್ಲಿ ಧೂಳಿನ ಮೂಲ: ರಸ್ತೆಯ ಮಣ್ಣಿನ ಅಂಚುಗಳು, ಮುಚ್ಚದೆ ಓಡುವ ಮರಳಿನ ಲಾರಿಗಳು.

ಹೊರಗಿನಿಂದ ಬಂದದ್ದು

ಬರ್ಲಿನ್‌ನ ಪಿಎಂ 10 ಕುರಿತು ಸಂಶೋಧಕ ಲೆನ್‌ಶೋ ಮತ್ತು ಸಂಗಡಿಗರು 2001ರಲ್ಲಿ ಬಳಸಿದ ಉಪಾಯ ಇಂದಿಗೂ ನನಗೆ ಅಚ್ಚುಮೆಚ್ಚು. ಊರ ಹೊರಗೆ ಗಾಳಿ ಬರುವ ಕಡೆ ಒಂದು ಅಳತೆ, ಊರೊಳಗೆ ರಸ್ತೆಯಿಂದ ದೂರ ಒಂದು, ರಸ್ತೆಯ ಬದಿಯಲ್ಲಿ ಒಂದು. ಮೊದಲನೆಯದ್ದು ಊರಿಗೆ ಹೊರಗಿನಿಂದ ಬಂದದ್ದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಊರು ಸೇರಿಸಿದ್ದು. ಮೂರನೆಯದರಲ್ಲಿ ಎರಡನೆಯದನ್ನು ಕಳೆದರೆ ಆ ರಸ್ತೆ ಸೇರಿಸಿದ್ದು. ಕಳೆಯುವ ಲೆಕ್ಕ ಮಾತ್ರ, ಬೇರೇನೂ ಇಲ್ಲ. ಅದನ್ನೇ ಇಲ್ಲಿ ಮಾಡಿದಾಗ, ನಗರ ಉಸಿರಾಡುವ ಸೂಕ್ಷ್ಮ ಕಣದ ದೊಡ್ಡ ಪಾಲು ಬೆಟ್ಟ ದಾಟಿಯೇ ಬರುತ್ತಿದೆ ಎಂದು ತಿಳಿಯಿತು. ಅದರಲ್ಲಿ ಬಹಳಷ್ಟು ಹೊಗೆಯಾಗಿ ಹೊರಟದ್ದೂ ಅಲ್ಲ: ವಾಹನ ಮತ್ತು ಸ್ಥಾವರಗಳ ಅನಿಲಗಳು ಹೊಲ ಮತ್ತು ಕೊಟ್ಟಿಗೆಗಳಿಂದೇಳುವ ಅಮೋನಿಯಾದೊಂದಿಗೆ ಕೂಡಿ ದಾರಿಯಲ್ಲಿ ಕಣವಾದದ್ದು. ಇಂಥ ಕಣಕ್ಕೆ ನಕ್ಷೆಯಲ್ಲಿ ವಿಳಾಸ ಹುಡುಕುವುದು ವ್ಯರ್ಥ. ಸಂಘದಲ್ಲಿ ಈ ಸುದ್ದಿ ಯಾರಿಗೂ ರುಚಿಸಲಿಲ್ಲ.

ಹಸಿರಿನ ಕಡೆ ತಿರುಗಿದಾಗ

ಹಾಗಾದರೆ ಹಗಲಿಡೀ ಚಿಮಣಿಯ ಹೊಗೆ ಹೋಗುತ್ತಿದ್ದದ್ದು ಎಲ್ಲಿಗೆ? ಈ ಪ್ರಶ್ನೆ ಕೇಳಿದವರು ವೈದ್ಯೆ. ಗಾಳಿ ಪಶ್ಚಿಮಕ್ಕೆ ಬೀಸುತ್ತದೆ. ಪಶ್ಚಿಮಕ್ಕೆ ಕಾರ್ಖಾನೆಯ ಕಾರ್ಮಿಕರು ವಾಸಿಸುವ ವಸತಿ ಇದೆ. ನಕ್ಷೆಯಲ್ಲಿ ಆ ವಸತಿ ಹಸಿರು. ಆ ಹಸಿರು ಬಂದದ್ದು ಗುಡ್ಡದ ಮೇಲಿನ ಉದ್ಯಾನದ ಸೆನ್ಸರ್‌ನಿಂದ. ವಸತಿಯಲ್ಲಿ ಒಂದೂ ಸೆನ್ಸರ್ ಇರಲಿಲ್ಲ. ಪೂರ್ವದ ಬಡಾವಣೆ ಕೆಂಪಾಗಿದ್ದಕ್ಕೆ ಅಲ್ಲಿನವರಿಗೆ ಸೆನ್ಸರ್ ಕೊಳ್ಳುವ ಶಕ್ತಿ ಇದ್ದದ್ದೂ ಒಂದು ಕಾರಣ.

ಉಪಗ್ರಹದ ಚಿತ್ರಗಳಿಂದ ಈ ಕೊರತೆ ತುಂಬಬಹುದಲ್ಲ ಎಂಬ ಸಲಹೆ ಬಂತು. 2017ರಲ್ಲಿ ಉಡಾಯಿಸಿದ ಸೆಂಟಿನೆಲ್-5ಪಿ ಉಪಗ್ರಹದ ಉಪಕರಣ ನೈಟ್ರೋಜನ್ ಡೈಆಕ್ಸೈಡನ್ನು ಚೆನ್ನಾಗಿಯೇ ನೋಡುತ್ತದೆ. ಆದರೆ ಅದರ ಒಂದು ಚೌಕ ಹೆಚ್ಚೆಂದರೆ 5.5 ಕಿಲೋಮೀಟರ್ ಉದ್ದ, 3.5 ಕಿಲೋಮೀಟರ್ ಅಗಲದಷ್ಟು ಸೂಕ್ಷ್ಮ. ಬಡಾವಣೆ, ಕಾರ್ಖಾನೆ, ವಸತಿ ಮೂರೂ ಅದರಲ್ಲಿ ಒಂದೆರಡು ಚೌಕಗಳೊಳಗೆ ಮುಗಿದುಹೋಗುತ್ತವೆ. ಅದು ಹಾದುಹೋಗುವುದೂ ಮಧ್ಯಾಹ್ನ ಒಂದೂವರೆಯ ಆಸುಪಾಸು. ನೋಡುವುದೂ ನೆಲದಿಂದ ಮೇಲಿನವರೆಗಿನ ಇಡೀ ಗಾಳಿಯ ಸ್ತಂಭವನ್ನು. ಮೂಗಿನ ಮಟ್ಟದ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ.

ಆರಿಸಿಕೊಂಡ ದಾರಿ ಹಳೆಯದು, ಅಗ್ಗದ್ದು: ವಿದ್ಯುತ್ತೇ ಬೇಡದ ಸಣ್ಣ ಕೊಳವೆಗಳು. ರಾಸಾಯನಿಕ ಲೇಪಿಸಿದ ಜಾಲರಿ ಒಂದು ತುದಿಯಲ್ಲಿ, ಇನ್ನೊಂದು ತುದಿ ತೆರೆದಿರುತ್ತದೆ. ಅನಿಲ ತಾನಾಗಿಯೇ ಒಳಸೇರಿ ಹಿಡಿದುಕೊಳ್ಳುತ್ತದೆ. 1970ರ ದಶಕದಿಂದಲೂ ಬಳಕೆಯಲ್ಲಿರುವ ವಿಧಾನ. ಗಂಟೆಗಂಟೆಯ ಏರಿಳಿತ ಸಿಗುವುದಿಲ್ಲ, ಕೆಲವು ವಾರಗಳ ಸರಾಸರಿ ಮಾತ್ರ ಸಿಗುತ್ತದೆ. ಆದರೆ ಒಂದೇ ಹೊತ್ತಿಗೆ ಹಲವಾರು ಕಡೆ ಕಟ್ಟಬಹುದು. ಇಡೀ ನಗರದಲ್ಲಿ, ಮುಖ್ಯವಾಗಿ ಸೆನ್ಸರ್ ಇಲ್ಲದ ಕಡೆಗಳಲ್ಲಿ, ನೈಟ್ರೋಜನ್ ಡೈಆಕ್ಸೈಡ್ ಮತ್ತು ಸಲ್ಫರ್ ಡೈಆಕ್ಸೈಡ್ ಕೊಳವೆಗಳನ್ನು ಕಂಬಗಳಿಗೆ ಕಟ್ಟಲಾಯಿತು. ನೈಟ್ರೋಜನ್ ಡೈಆಕ್ಸೈಡ್ ನಿರೀಕ್ಷೆಯಂತೆ ದೊಡ್ಡ ರಸ್ತೆಗಳನ್ನು ಹಿಂಬಾಲಿಸಿತು. ಗಂಧಕವಿರುವ ಎಣ್ಣೆ ಮತ್ತು ಕಲ್ಲಿದ್ದಲು ಉರಿದಾಗ ಬರುವ ಸಲ್ಫರ್ ಡೈಆಕ್ಸೈಡ್ ಪೂರ್ವದ ಬಡಾವಣೆಯಲ್ಲಿ ಕಡಿಮೆ ಇತ್ತು. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಹಸಿರು ವಸತಿಯಲ್ಲಿ.

ವಸತಿಯವರಿಗೆ ಇದು ಹೊಸ ಸುದ್ದಿಯೇ ಆಗಿರಲಿಲ್ಲ. ಶಿಕ್ಷಕಿ ತಮ್ಮ ವಿದ್ಯಾರ್ಥಿಗಳ ಮನೆಗಳಿಗೆ ಹೋಗಿ ವಿಚಾರಿಸಿದಾಗ, ಬೆಳಗಿನ ಹೊತ್ತು ಕೆಲವು ದಿನ ಒಣಗಲು ಹಾಕಿದ ಬಟ್ಟೆಯ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ, ಆಮೇಲೆ ನಿಲ್ಲುತ್ತದೆ ಎಂದರು. ಎಂಜಿನಿಯರ್ ಅವರಿಗೆ ಥಟ್ಟನೆ ಹೊಳೆಯಿತು. ದೊಡ್ಡ ಬಾಯ್ಲರ್‌ಗಳ ಕೊಳವೆಗಳಿಗೆ ಅಂಟಿದ ಮಸಿಯನ್ನು ಆಗಾಗ ಉಗಿಯಿಂದ ಊದಿ ಕಳಚುತ್ತಾರೆ. ಆ ಹೊತ್ತಿನಲ್ಲಿ ಚಿಮಣಿಯಿಂದ ಬರುವುದು ಮಾಮೂಲಿ ಹೊಗೆಯಲ್ಲ. ಪಾಳಿ ಬದಲಾದ ಮೇಲೆ ಬೆಳಿಗ್ಗೆಯೇ ಅದನ್ನು ಮುಗಿಸುವುದು ಅಲ್ಲಿನ ರೂಢಿ. ಅದೇ ಹೊತ್ತಿಗೆ ಸೂರ್ಯ ನೆಲವನ್ನು ಕಾಯಿಸಿ, ರಾತ್ರಿಯೆಲ್ಲ ಮೇಲಿನ ಪದರದಲ್ಲಿ ತೇಲುತ್ತಿದ್ದ ಹೊಗೆಯನ್ನು ಕಲಕಿ ಕೆಳಗೆ ಎಳೆಯುತ್ತಾನೆ. ಎತ್ತರದ ಚಿಮಣಿ ತನ್ನ ಬುಡದವರನ್ನು ಬಿಟ್ಟು ದೂರದವರನ್ನು ಮುಟ್ಟುವುದು ಹೀಗೆ.

ಆಮೇಲೆ ಏನಾಯಿತು

ಮನವಿಯನ್ನು ಹರಿದು ಹೊಸದಾಗಿ ಬರೆಯಲಾಯಿತು. ‘ಕಾರ್ಖಾನೆ ಮುಚ್ಚಿಸಿ’ ಎಂಬ ಸಾಲು ಹೋಯಿತು. ಅದರ ಜಾಗಕ್ಕೆ ಬಂದ ಬೇಡಿಕೆಗಳು: ಕಸದ ಅಂಗಳದಲ್ಲಿ ರಾತ್ರಿ ಕಾವಲು, ಲಾರಿಗಳಿಗೆ ಹೊದಿಕೆ ಮತ್ತು ರಸ್ತೆಯ ಅಂಚಿಗೆ ಕಲ್ಲುಹಾಸು, ಪಶ್ಚಿಮದ ವಸತಿಗೊಂದು ಖಾಯಂ ಮಾಪನ ಕೇಂದ್ರ, ಚಿಮಣಿಯ ತಪಾಸಣೆ. ಕಸದ ಬೆಂಕಿ ನಿಂತಿತು, ಸಂಜೆಯ ಶಿಖರ ಕಣ್ಣಿಗೆ ಕಾಣುವಷ್ಟು ಇಳಿಯಿತು. ರಸ್ತೆಗೆ ಕೆಲ ಕಾಲ ನೀರು ಚಿಮುಕಿಸಿದರು, ಕಲ್ಲುಹಾಸು ಬರಲಿಲ್ಲ, ಧೂಳು ಮರಳಿತು. ವಾರ್ಷಿಕ ಸರಾಸರಿ ಹೆಚ್ಚು ಇಳಿಯಲಿಲ್ಲ. ಹೊರಗಿನಿಂದ ಬರುವ ಪಾಲು ಅಷ್ಟಿರುವಾಗ ಇಳಿಯುವ ನಿರೀಕ್ಷೆಯೂ ಇರಬಾರದಿತ್ತು. ಈ ಮಾತನ್ನು ಮೊದಲೇ ಒತ್ತಿ ಹೇಳಿದ್ದರಿಂದ ಸಂಘ ಈ ಸಲ ಒಡೆಯಲಿಲ್ಲ.

ಬೇರೆ ಊರಿನ ಸಂಘಗಳು ಈ ಪ್ರಕರಣವನ್ನು ಓದುವಾಗ ಕ್ರಮವನ್ನು ಗಮನಿಸಬೇಕು ಎಂಬುದು ನನ್ನ ಆಸೆ. ರಾಸಾಯನಿಕ ವಿಶ್ಲೇಷಣೆಯಿಂದ ಆರಂಭಿಸುವ ಉತ್ಸಾಹ ಹಲವರಿಗೆ ಇರುತ್ತದೆ. ಕಣದಲ್ಲಿನ ಲೆವೊಗ್ಲುಕೋಸಾನ್ ಸೌದೆಯ ಹೊಗೆಗೆ, ವೆನೇಡಿಯಂ ಮತ್ತು ನಿಕಲ್ ಭಾರದ ಎಣ್ಣೆಗೆ, ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಮಣ್ಣಿಗೆ ಸಾಕ್ಷಿ ಹೇಳುತ್ತವೆ ಎಂಬುದು ನಿಜ, ಮತ್ತು ನ್ಯಾಯಾಲಯದವರೆಗೆ ಹೋಗುವುದಾದರೆ ಅದು ಬೇಕೇ ಬೇಕು. ಆದರೆ ಇಲ್ಲಿ ನಿರ್ಣಾಯಕವಾದದ್ದು ಗಡಿಯಾರ, ಗಾಳಿಯ ದಿಕ್ಕು, ಕಳೆಯುವ ಲೆಕ್ಕ, ರಾತ್ರಿಯ ನಡಿಗೆ ಮತ್ತು ಕಂಬಕ್ಕೆ ಕಟ್ಟಿದ ಕೊಳವೆ. ಮತ್ತೊಂದು: ಸೆನ್ಸರ್ ಕೊಳ್ಳಲು ಹಣ ಸೇರಿಸುವಾಗ ಮೊದಲನೆಯದನ್ನು ಸ್ವಂತ ಬೀದಿಗೆ ಕಟ್ಟಿದರೂ ಎರಡನೆಯದನ್ನು ಗಾಳಿ ಹೋಗುವ ಕಡೆಯ ಬೀದಿಗೆ ಕಟ್ಟಬೇಕು. ಅಲ್ಲಿನವರು ಕೇಳದಿದ್ದರೂ.

ಚಿಮಣಿಯ ವಿಷಯ ಇನ್ನೂ ಮುಗಿದಿಲ್ಲ. ಕಾರ್ಖಾನೆ ಕೊಟ್ಟ ತಪಾಸಣಾ ವರದಿಯಲ್ಲಿ ಎಲ್ಲ ಅಂಕಿಗಳೂ ಮಿತಿಯೊಳಗಿದ್ದವು. ಮಸಿ ಊದುವ ಹೊತ್ತಿನಲ್ಲಿ ಅಳತೆ ಮಾಡಿರಲಿಲ್ಲ. ಪೂರ್ಣ ಭಾರದಲ್ಲಿ, ಊದುವ ಹೊತ್ತನ್ನೂ ಸೇರಿಸಿ ಮತ್ತೆ ಅಳೆಯುವಂತೆ ನಿಯಂತ್ರಣ ಕಚೇರಿ ಸೂಚಿಸಿದೆ. ವಸತಿಯ ಪ್ರತಿನಿಧಿಗಳು ಮೊದಲ ಸಭೆಯಲ್ಲೇ ಸ್ಪಷ್ಟಪಡಿಸಿದ್ದರು: “ಕಾರ್ಖಾನೆ ನಿಲ್ಲುವುದು ನಮಗೆ ಬೇಡ, ನಮ್ಮ ಸಂಬಳ ಬರುವುದು ಅಲ್ಲಿಂದ. ಬೆಳಿಗ್ಗೆ ಊದುವುದನ್ನು ನಿಲ್ಲಿಸಿ, ಗಂಧಕ ಕಡಿಮೆ ಇರುವ ಎಣ್ಣೆ ತರಿಸಿ.” ಊದುವ ಹೊತ್ತನ್ನು ಗಾಳಿ ಚೆನ್ನಾಗಿ ಕಲಕುವ ಮಧ್ಯಾಹ್ನಕ್ಕೆ ಬದಲಿಸಲು ಕಾರ್ಖಾನೆ ಕೂಡಲೇ ಒಪ್ಪಿತು, ಅದಕ್ಕೆ ಖರ್ಚಿರಲಿಲ್ಲ. ಎಣ್ಣೆಯ ಮಾತುಕತೆ ನಡೆಯುತ್ತಿದೆ.